ಗಡಿಗೆಪ್ಪನ ಕಣ್ಣು, ವೀರಭದ್ರನ ಹೂವು

ಮಾನ್ವಿಯ ಅಕ್ಕಿ ಗಿರಣಿಗಳಲ್ಲಿ ಭತ್ತ ನೋಡುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಗಡಿಗೆಪ್ಪ ಬಂದರೆ ಭತ್ತವೇ ಎದ್ದು ನಿಲ್ಲುತ್ತದೆ. ಈ ಮಾತನ್ನು ಊರಲ್ಲಿ ಹುಟ್ಟಿಸಿದವನು ಗಡಿಗೆಪ್ಪನೇ.

ಮೂವತ್ತೊಂದು ವರ್ಷದಿಂದ ಅವನದು ಒಂದೇ ಗಿರಣಿ, ಗೇಟಿನ ಪಕ್ಕದ ಒಂದೇ ಕಬ್ಬಿಣದ ಕುರ್ಚಿ. ಟ್ರ್ಯಾಕ್ಟರ್ ಬಂದು ನಿಂತ ಕೂಡಲೇ ಹಮಾಲರು ಚೀಲಕ್ಕೆ ಕೊಳವೆ ಚುಚ್ಚಿ ಒಂದು ಹಿಡಿ ಭತ್ತ ತೆಗೆದು ಅವನ ಅಂಗೈಗೆ ಸುರಿಯಬೇಕು. ಅವನು ಎರಡೂ ಅಂಗೈ ಕೂಡಿಸಿ ಗಸಗಸ ತಿಕ್ಕಿ, ಉಫ್ ಎಂದು ಹೊಟ್ಟು ಊದಿ, ಉಳಿದ ಅಕ್ಕಿಯನ್ನು ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಾನೆ. ಆ ಹೊತ್ತಿನಲ್ಲಿ ಮಾಲೀಕನಿಂದ ಹಿಡಿದು ರೈತನವರೆಗೆ ಯಾರೂ ಕೆಮ್ಮುವಂತಿಲ್ಲ.

"ಹಸಿ ಅದ. ನುಚ್ಚು ನೂರಕ್ಕ ಎಂಟು ಬೀಳ್ತದ. ನಿಂದು ಕೆನಾಲಿನ ಕಡೀ ಹೊಲ, ನೀರು ತಡಾ ಸಿಕ್ಕದ."

ರೈತ ಬೆರಗಾಗಿ ಕೈ ಮುಗಿಯುತ್ತಿದ್ದ. ಹಸಿ ಮತ್ತು ನುಚ್ಚಿನ ಲೆಕ್ಕದಲ್ಲಿ ಗಡಿಗೆಪ್ಪ ನಿಜಕ್ಕೂ ತಪ್ಪುತ್ತಿರಲಿಲ್ಲ. ಕಾಲುವೆಯ ಮಾತಂತೂ ತಪ್ಪುವ ಸಂಭವವೇ ಇರಲಿಲ್ಲ. ತನ್ನ ಹೊಲ ಕಾಲುವೆಯ ಬಾಯಿಗೇ ಇದೆ, ನೀರಿಗೆ ಬರ ಇಲ್ಲ ಎಂದು ಒಪ್ಪಿಕೊಂಡ ರೈತ ಆ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

ಅವನ ಎರಡನೆಯ ಹೆಮ್ಮೆ ವೀರಭದ್ರ. ದೇವದುರ್ಗದ ಹೊರಗೆ, ಜಾಲಿ ಗಿಡಗಳ ನಡುವೆ ಅವರ ಮನೆದೇವರ ಸಣ್ಣ ಗುಡಿ ಇದೆ. ಗಡಿಗೆಪ್ಪ ಆ ದೇವರ ಬಗ್ಗೆ ಮಾತಾಡುವುದನ್ನು ಕೇಳಿದರೆ ಇಬ್ಬರೂ ಒಂದೇ ಶಾಲೆಯಲ್ಲಿ, ಒಂದೇ ಬೆಂಚಿನ ಮೇಲೆ ಕೂತು ಓದಿದವರಿರಬೇಕು ಅನಿಸುತ್ತಿತ್ತು. ಅಲ್ಲಿ ಹೂ ಕೇಳುವ ಪದ್ಧತಿ ಇದೆ. ಪೂಜಾರಿ ಹಂಪಯ್ಯ ವಿಗ್ರಹದ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸುತ್ತಾನೆ. ಭಕ್ತ ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ಕೈ ಮುಗಿದು ನಿಲ್ಲಬೇಕು. ಬಲಭುಜದ ಹೂ ಮೊದಲು ಬಿದ್ದರೆ ದೇವರ ಅಪ್ಪಣೆಯಾಯಿತು ಅಂತ, ಎಡಭುಜದ್ದು ಬಿದ್ದರೆ ಬೇಡ ಅಂತ.

ಗಡಿಗೆಪ್ಪ ಹೂ ಕೇಳದೆ ಹಲ್ಲು ಸಹ ಕೀಳಿಸಿದವನಲ್ಲ. ಮದುವೆಗೆ ಕೇಳಿದ, ಮಗಳು ಅನುರಾಧಾಳನ್ನು ಸಿರವಾರಕ್ಕೆ ಕೊಡುವಾಗ ಕೇಳಿದ. ಮನೆಗೆ ಫ್ರಿಜ್ ತರಬೇಕೇ ಎಂದು ಕೇಳಿದಾಗ ಎಡಗಡೆಯ ಹೂ ಬಿತ್ತು. ಮರುವಾರ ಹೆಂಡತಿ ಬಸವಂತಮ್ಮ ತಾನೇ ಹೋಗಿ ಕೇಳಿ ಬಂದಳು, ಬಲಗಡೆಯದು ಬಿತ್ತು, ಫ್ರಿಜ್ ಬಂತು. ದೇವರು ಹೆಂಗಸರ ಮುಲಾಜಿಗೆ ಬೀಳುತ್ತಾನೆ ಎಂಬ ಸಣ್ಣ ಅಸಮಾಧಾನ ಗಡಿಗೆಪ್ಪನಿಗೆ ಅಂದಿನಿಂದ ಇತ್ತು.

ಇಂಥ ಗಡಿಗೆಪ್ಪನಿಗೆ ಐವತ್ತೆಂಟು ದಾಟಿದ ಮೇಲೆ ಕಣ್ಣು ಮಸುಕಾಗತೊಡಗಿತು. ಮೊದಲು ಅವನು ಬಿಸಿಲನ್ನು ಬೈದ. ಆಮೇಲೆ ಕನ್ನಡಕ ಮಾರಿದವನನ್ನು ಬೈದ. ಕೊನೆಗೆ, "ಈಗಿನ ಅಕ್ಕೀನ ಹಾಂಗ, ಮೊದಲಿನ ಹೊಳಪಿಲ್ಲ" ಎಂದು ಇಡೀ ತಳಿಯನ್ನೇ ಬೈದ. ಒಂದು ಬೆಳಿಗ್ಗೆ ಮಾಲೀಕ ಮಲ್ಲೇಶನ ಬಿಳಿ ಅಂಗಿ ಎಂದುಕೊಂಡು, ಗೇಟಿನ ಮೇಲೆ ಒಣಹಾಕಿದ್ದ ಯೂರಿಯಾ ಚೀಲಕ್ಕೆ ನಮಸ್ಕಾರ ಮಾಡಿ, ಮನೆಯವರ ಯೋಗಕ್ಷೇಮ ವಿಚಾರಿಸಿದ.

"ಅಣ್ಣಾ, ಅದು ಮೋತಿಬಿಂದು, ಕಣ್ಣಿಗೆ ಪೊರಿ ಬಂದದ," ಎಂದ ಹಮಾಲರ ಮುಖಂಡ ಸತ್ತಾರ್ ಸಾಬ್. "ನನಗೂ ಬಂದಿತ್ತು. ಆಪರೇಷನ್ ಮಾಡಿಸ್ಕೊಂಡೆ. ಈಗ ನೋಡು, ಅಲ್ಲಿ ಕುಂತ ನೊಣದ ಕಾಲು ಎಣಸ್ತೀನಿ."

"ನೊಣದ ಕಾಲು ತಗೊಂಡು ನಾ ಏನು ಮಾಡ್ಲಿ? ನನಗ ನೆಲ್ಲು ಕಂಡ್ರ ಸಾಕು."

"ಅದರೇ ಕಾಣ್ತದೇನು?"

ಕಾಣದ್ದನ್ನು ಗಡಿಗೆಪ್ಪ ಬೆರಳಿನಿಂದ, ಮೂಗಿನಿಂದ, ಹಲ್ಲಿನಿಂದ ಸರಿದೂಗಿಸುತ್ತಿದ್ದ. ಅದು ಬಹಳ ದಿನ ನಡೆಯಿತು. ಆದರೆ ಬೇಸಿಗೆ ಬೆಳೆಯ ಕಾಲದಲ್ಲಿ ಒಂದು ದಿನ ಅವನಿಗೆ ನೆಗಡಿ, ಮೂಗು ಕಟ್ಟಿತ್ತು. ಹಸಿ ಭತ್ತದ ಇಡೀ ಲೋಡನ್ನು "ಗರಿಗರಿ ಒಣಗ್ಯಾದ, ತಗೋರಿ" ಎಂದು ಒಳಗೆ ಬಿಟ್ಟ. ನಾಲ್ಕನೆಯ ದಿನಕ್ಕೆ ರಾಶಿ ಒಳಗೊಳಗೇ ಕಾದು ಕಾಳೆಲ್ಲ ಹಳದಿಯಾಗಿ, ಗಿರಣಿಯ ತುಂಬ ಹುಳಿ ವಾಸನೆ ಹಬ್ಬಿತು. ಆಗ ಮೂಗು ಬಿಟ್ಟಿತ್ತು, ವಾಸನೆಯನ್ನು ಎಲ್ಲರಿಗಿಂತ ಮೊದಲು ಹಿಡಿದವನು ಗಡಿಗೆಪ್ಪನೇ.

ಮಲ್ಲೇಶ ತಂದೆಯ ಕಾಲದ ಗಿರಣಿಯನ್ನು ನಡೆಸುವ ಹುಡುಗು ವಯಸ್ಸಿನ ಮಾಲೀಕ. ಬೈಯಲಿಲ್ಲ. ಬೈದಿದ್ದರೆ ಗಡಿಗೆಪ್ಪ ತಿರುಗಿ ಬೈದು ಹಗುರಾಗುತ್ತಿದ್ದ.

"ಕಾಕಾ, ನೀವು ನಮ್ಮಪ್ಪನ ಕಾಲದವ್ರು. ನಿಮ್ಮನ್ನ ಏಳ್ರಿ ಅನ್ನಾಕ ನನಗ ಬಾಯಿ ಬರಂಗಿಲ್ಲ. ಆದ್ರ ದೀಪಾವಳಿ ಮುಗೀತಂದ್ರ ಹೊಸ ನೆಲ್ಲು ಬರ್ತದ. ಅಷ್ಟರಾಗ ಕಣ್ಣು ಮಾಡಿಸ್ಕೊಂಡು ಬರ್ರಿ. ಇಲ್ಲಾಂದ್ರ ಆ ಕುರ್ಚಿಗೆ ಬ್ಯಾರೆಯವ್ರನ್ನ ನೋಡಬೇಕಾಗ್ತದ."

ಗಡಿಗೆಪ್ಪ ಮನೆಗೆ ಬಂದು ಎರಡು ದಿನ ಮಾತು ಬಿಟ್ಟ. ಆ ಕುರ್ಚಿ ಹೋದರೆ ಅವನು ಏನು? ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು, ಹೋಗುವವರನ್ನು ಕರೆದು ಹಳೆಯ ಭತ್ತದ ಕತೆ ಹೇಳುವ ಇನ್ನೊಬ್ಬ ಮುದುಕ. ಅಂಥವರನ್ನು ಕಂಡರೆ ಅವನೇ ದಾರಿ ಬದಲಿಸುತ್ತಿದ್ದ.

ಬಸವಂತಮ್ಮ ಮಾತು ಬಿಡಲಿಲ್ಲ. ಓಣಿಯ ಆಶಾ ಕಾರ್ಯಕರ್ತೆ ಆದೆಮ್ಮ ಸುದ್ದಿ ತಂದಿದ್ದಳು: ದಸರಾ ಮುಗಿದ ಮೇಲೆ ರಾಯಚೂರಿನಲ್ಲಿ ಉಚಿತ ಕಣ್ಣಿನ ಶಿಬಿರ. ಬಸವಂತಮ್ಮ ಗಂಡನ ಆಧಾರ್ ಕಾರ್ಡು ಕೊಟ್ಟು ಹೆಸರು ಬರೆಸಿಯೇ ಬಿಟ್ಟಳು.

"ನನ್ನ ಒಂದು ಮಾತು ಕೇಳಲಾರ್ದ ನನ್ನ ಕಣ್ಣು ಬರಿಸಿ ಬಂದೀಯಾ?"

"ಕಣ್ಣು ಯಾಕ ಬರಸ್ಲಿ? ಹೆಸರು ಬರಿಸೀನಿ. ಕಣ್ಣು ನಿಮ್ಮ ಹಂತೇಕ ಅದ, ಕಾಣದಿದ್ರೂ."

"ದೇವರ ಅಪ್ಪಣಿ ಇಲ್ಲದ ನಾ ಕತ್ತರಿ ಕೆಳಗ ತಲಿ ಕೊಡೋ ಮನಷ್ಯಾ ಅಲ್ಲ. ಹೂ ಕೇಳ್ತೀನಿ. ಅವ ಹ್ಯಾಂಗ ನಡಸ್ತಾನ, ಹಾಂಗ ನಡೀತೀನಿ."

ಕೇಳಲಿಕ್ಕೆ ಭಕ್ತಿಯ ಮಾತು. ಒಳಗಿನದು ಬೇರೆ. ಸತ್ತಾರ್ ಸಾಬ್ ತನ್ನ ಆಪರೇಷನ್ನಿನ ಕತೆಯನ್ನು ಪ್ರೀತಿಯಿಂದ ಐದಾರು ಸಲ ಹೇಳಿದ್ದ, ಹೇಳಿದಾಗಲೆಲ್ಲ ಅದರೊಳಗಿನ ಸೂಜಿ ಒಂದೊಂದು ಇಂಚು ಬೆಳೆದಿತ್ತು. ಕೊನೆಯ ಸಲ ಕೇಳಿದಾಗ ಅದು ಭತ್ತದ ಚೀಲಕ್ಕೆ ಚುಚ್ಚುವ ಕೊಳವೆಯಷ್ಟಾಗಿತ್ತು. ಗಡಿಗೆಪ್ಪನಿಗೆ ಹೆದರಿಕೆ. ಆದರೆ ಹೆದರಿಕೆ ಎಂದು ಹೇಳುವುದಕ್ಕಿಂತ ದೇವರ ಅಪ್ಪಣೆ ಎಂದು ಹೇಳಿದರೆ ನಾಲ್ಕು ಜನ ಕೈ ಮುಗಿಯುತ್ತಾರೆ.

ಮೊದಲನೆಯ ಸೋಮವಾರ ಒಬ್ಬನೇ ಬಸ್ ಹತ್ತಿ ಹೋದ. ಹಂಪಯ್ಯ ಹೂ ಅಂಟಿಸಿದ. ಗಡಿಗೆಪ್ಪ ಕೈ ಮುಗಿದು ಎದುರಿಗೆ ನಿಂತ. ಗರ್ಭಗುಡಿಯೊಳಗೆ ಎಣ್ಣೆ ದೀಪದ ಬೆಳಕು, ಅವನ ಕಣ್ಣಿನ ಮಂಜು, ಎರಡೂ ಸೇರಿ ವೀರಭದ್ರ ಒಂದು ಕಪ್ಪು ಮೂಟೆಯ ಹಾಗೆ ಕಾಣುತ್ತಿದ್ದ. ಸ್ವಲ್ಪ ಹೊತ್ತಿಗೆ ಏನೋ ಬಿದ್ದಂತಾಯಿತು. ಯಾವ ಕಡೆ ಎಂಬುದು ತಿಳಿಯಲಿಲ್ಲ. ಹಿಂದೆ ನಾಲ್ಕು ಜನ ನಿಂತಿದ್ದರು. "ತಿಳೀತಪ್ಪಾ, ತಿಳೀತು" ಎಂದು ಗಟ್ಟಿಯಾಗಿ ಹೇಳಿ, ಗಂಟೆ ಬಾರಿಸಿ ಹೊರಗೆ ಬಂದ.

"ಯಾವ ಕಡೀ ಬಿತ್ರಿ?" ಎಂದಳು ಬಸವಂತಮ್ಮ.

"ಅದು ನಮ್ಮಿಬ್ಬರ ನಡುವಿನ ಮಾತು."

"ಹಂಗಾದ್ರ ಆಪರೇಷನ್ನೂ ಅವನ ಕಡಿಂದ ಮಾಡಿಸ್ಕೊಳ್ರಿ."

ಎರಡನೆಯ ಸೋಮವಾರ ಅವನು ಎದೆ ಉಬ್ಬಿಸಿಕೊಂಡು ಮರಳಿದ. "ಎಡಕ್ಕ ಬಿತ್ತು! ಈ ಕಣ್ಣಿಲೆ ನೋಡೀನಿ. ಆಪರೇಷನ್ ಬ್ಯಾಡ ಅಂದಾನ." ಬಸವಂತಮ್ಮ ಹಂಪಯ್ಯನಿಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದಳು.

"ಇಲ್ಲ ಬಿಡವ್ವಾ," ಎಂದಿತು ಫೋನು. "ಎಡಕ್ಕ ಬಿದ್ದದ್ದು ಹಲ್ಲಿ. ಹೂ ಎರಡೂ ಇನ್ನೂ ಅಲ್ಲೇ ಅದಾವ. ನಿನ್ನ ಗಂಡ ಹಲ್ಲಿಗೆ ಕೈ ಮುಗುದು ಬಸ್ ಹಿಡಿಯಾಕ ಓಡಿದ."

"ದೇವರ ಗುಡ್ಯಾಗಿನ ಹಲ್ಲಿ ಅಂದ್ರ ಸುಮ್ಮನ ಅಲ್ಲ," ಎಂದು ಗಡಿಗೆಪ್ಪ ವಾದಿಸಿ ನೋಡಿದ. ಬಸವಂತಮ್ಮ ರೊಟ್ಟಿ ತಟ್ಟುತ್ತಿದ್ದಳು. ಆ ಸದ್ದೇ ಉತ್ತರವಾಗಿತ್ತು.

ಮೂರನೆಯ ಸೋಮವಾರ ಕೊನೆಯದು. ಗುರುವಾರ ಶಿಬಿರ. ಬಸವಂತಮ್ಮ ತಾನೂ ಹೊರಟಳು. ಬಸ್ಸಿನ ತುಂಬ ಹೆಂಗಸರು, ಅವಳಿಗೆ ಕಿಟಕಿಯ ಸೀಟು ಸಿಕ್ಕಿತು. ಗಡಿಗೆಪ್ಪ ಸಿರವಾರದವರೆಗೆ ಕಂಬ ಹಿಡಿದುಕೊಂಡು, ದೇವರ ಮೇಲೆ ಭಾರ ಹಾಕುವುದು ಹೇಗೆ ಎಂದು ಕಂಡಕ್ಟರನಿಗೆ ತಿಳಿಸಿ ಹೇಳಿದ. "ಮೊದಲು ಕಂಬದ ಮ್ಯಾಲ ಹಾಕ್ರಿ, ಬ್ರೇಕ್ ಹೊಡೀತಾನ," ಎಂದ ಕಂಡಕ್ಟರ್.

ಗುಡಿಯಲ್ಲಿ ಅವತ್ತು ಜನ ಇದ್ದರು. ಹೊಸ ಬೈಕಿನ ಪೂಜೆಗೆ ಬಂದವರು, ಕೂಸಿನ ಜವಳದ ಕೂದಲು ತೆಗೆಸಲು ಬಂದವರು. ಹಂಪಯ್ಯ ಹೂ ಅಂಟಿಸಿ ಬೈಕಿನ ಕಡೆ ಹೋದ. ಗಡಿಗೆಪ್ಪ ನಿಂತ. ನಿಂತೇ ನಿಂತ. ಬೈಕಿನ ಪೂಜೆ ಮುಗಿದು, ಬೈಕು ನಿಂಬೆಹಣ್ಣು ತುಳಿದು ಹೋಗಿಯೂ ಆಯಿತು.

"ಗಡಿಗೆಪ್ಪ, ಇನ್ನೂ ಯಾಕ ನಿಂತೀಯೋ?"

"ಹೂ ಬೀಳಲಿ, ಅಯ್ಯಾರ."

"ಬಿದ್ದು ಅರ್ಧ ತಾಸಾತಲ್ಲೋ!"

"ಹೌದ್ಹೌದು, ನೋಡಿದ್ನಲ್ಲ," ಎಂದ ಗಡಿಗೆಪ್ಪ ತಡಮಾಡದೆ. "ದೇವರ ಮನಸ್ಸಿಗೆ ಬಂದ ಕಡೀನ ಬಿದ್ದದ."

"ಯಾವ ಕಡೀ?"

ಜವಳದ ಕೂಸೂ ಅಳುವುದನ್ನು ನಿಲ್ಲಿಸಿ ಅವನನ್ನೇ ನೋಡಿತು. ಗಡಿಗೆಪ್ಪ ಹೊಸ್ತಿಲ ಬಳಿ ಬಗ್ಗಿ ಕಲ್ಲಿನ ಮೇಲೆ ಕೈ ಆಡಿಸಿದ. ಬೆಳ್ಳಗಿನದೊಂದು ಬೆರಳಿಗೆ ಸಿಕ್ಕಿತು. "ಇಲ್ಲಿ ಅದ ನೋಡ್ರಿ!" ಎಂದು ಎತ್ತಿ ಹಿಡಿದ.

"ಅದು ಕೊಬ್ರಿ," ಎಂದಳು ಬಸವಂತಮ್ಮ. "ತಿನ್ರಿ."

ಜನ ನಕ್ಕರು. ಗಡಿಗೆಪ್ಪ ಕೊಬ್ಬರಿ ಹಿಡಿದುಕೊಂಡೇ ಹೊಸ್ತಿಲ ಪಕ್ಕ ಕುಕ್ಕರಿಸಿದ. ಹಂಪಯ್ಯನಿಗೆ ಮಾತ್ರ ಕೇಳುವ ಹಾಗೆ, "ನನಗ ಕಾಣವಲ್ದು, ಅಯ್ಯಾರ" ಎಂದ. ಅಷ್ಟು ಚಿಕ್ಕ ಮಾತು ಅವನ ಬಾಯಿಂದ ಬಂದದ್ದನ್ನು ಬಸವಂತಮ್ಮ ಮದುವೆಯಾದಾಗಿನಿಂದ ಕೇಳಿರಲಿಲ್ಲ. "ನೀವರೇ ಹೇಳ್ರಿ. ಯಾವ ಕಡೀ ಬಿತ್ತು?"

ಹಂಪಯ್ಯ ಎಪ್ಪತ್ತು ದಾಟಿದವನು, ಬಾಯಲ್ಲಿ ಸದಾ ಎಲೆಯಡಿಕೆ. ಅದನ್ನು ಈ ದವಡೆಯಿಂದ ಆ ದವಡೆಗೆ ಹಾಕಿದ.

"ನಾ ಹೇಳಂಗಿಲ್ಲಪ್ಪ. ನಾ ಹೇಳಿದ್ರ ಅದು ಹಂಪಯ್ಯನ ಮಾತು ಆಗ್ತದ. ನಾಳಿ ಏನರೇ ಆತಂದ್ರ ನನ್ನ ಮನೀ ಬಾಗಿಲಿಗೆ ಬಂದು ನಿಂದಿರ್ತೀದಿ. ಅವ ಹೇಳೋದು ಅವ ಹೇಳ್ಯಾನ. ಅದನ್ನ ನೋಡೋ ಕಣ್ಣು ತರೋದು ನಿನ್ನ ಪಾಲಿನ ಕೆಲಸ. ಅದನ್ನೂ ಅವನೇ ಮಾಡ್ಲಿ ಅಂದ್ರ, ನಿನ್ನ ಯಾಕ ಹುಟ್ಟಿಸಿದ್ನೋ, ಬರೇ ಕೈ ಮುಗಿಯಾಕ?"

"ಹೆದರಿಕಿ ಆಗ್ತದ್ರೀ."

"ಹಾ, ಇದನ್ನ ಮೊದಲ್ನೇ ಸೋಮವಾರ ಅಂದಿದ್ರ ನನ್ನ ಹೂವರೇ ಉಳೀತಿದ್ವು." ಹಂಪಯ್ಯ ಅವನ ಹಣೆಗೆ ದಪ್ಪಗೆ ವಿಭೂತಿ ಬಳಿದ. "ಹೆದರಿಕೊಂಡೇ ಹೋಗು. ಧೈರ್ಯ ಬಂದ ಮ್ಯಾಲ ಹೋಗ್ತೀನಿ ಅಂದವ್ರು ಯಾರೂ ಹೋಗಿಲ್ಲ."

ಗುರುವಾರ ರಾಯಚೂರು. ಶಿಬಿರದ ಹಾಲಿನಲ್ಲಿ ಮಟಮಾರಿಯಿಂದ ಬಂದವರು, ದೇವದುರ್ಗದಿಂದ ಬಂದವರು, ಸುಮಾರು ಮೂವತ್ತು ಜನ ಬೆಂಚುಗಳ ಮೇಲೆ ಸಾಲಾಗಿ ಕೂತಿದ್ದರು. ಹಣೆಯ ಮೇಲೆ ಪಟ್ಟಿ, ಪಟ್ಟಿಯ ಮೇಲೆ ನಂಬರು. ಗಡಿಗೆಪ್ಪನದು ಇಪ್ಪತ್ತಾರು. ಅರ್ಧ ಗಂಟೆಯೊಳಗೆ ಅವನು ಆ ಸಾಲಿನ ಹಿರಿಯನಾಗಿಬಿಟ್ಟ. "ಯಾರೂ ಹೆದರಬ್ಯಾಡ್ರಿ, ದೇವರ ಅದಾನ, ಕಣ್ಣು ಅಲುಗಾಡಸಬ್ಯಾಡ್ರಿ, ಅಷ್ಟ" ಎಂದು ಇಪ್ಪತ್ತೈದನೆಯವರಿಗೂ ಇಪ್ಪತ್ತೇಳನೆಯವರಿಗೂ ಧೈರ್ಯ ಹೇಳಿದ. ಇಪ್ಪತ್ತೇಳನೆಯ ಮುದುಕಿ ಅಲ್ಲಿಯವರೆಗೆ ಹೆದರಿರಲಿಲ್ಲ, ಆಗ ಹೆದರಿದಳು.

ನರ್ಸ್ ಮೌನೇಶ್ವರಿ ಬಂದು ಅವನ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದಳು. ಇನ್ನೊಮ್ಮೆ ನೋಡಿದಳು.

"ಅಜ್ಜಾ, ನೂರಾ ತೊಂಬತ್ತು ಅದ. ಇವತ್ತು ಆಗಂಗಿಲ್ಲ. ಗುಳಿಗಿ ಬರ್ದು ಕೊಡ್ತಾರ, ಸಂಕ್ರಾಂತಿ ಮುಗುದ ಮ್ಯಾಲ ಇನ್ನೊಂದು ಕ್ಯಾಂಪ್ ಅದ, ಅದಕ್ಕ ಬರ್ರಿ."

ಅಜ್ಜ ಎಂದದ್ದಕ್ಕೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಗಡಿಗೆಪ್ಪನ ಮೈಯೆಲ್ಲ ಹಗುರಾಯಿತು. ಹೂವಿಲ್ಲ, ಹಲ್ಲಿಯಿಲ್ಲ, ನೇರವಾಗಿ ಅಪ್ಪಣೆ ಬಂದಿದೆ. ಮನೆಗೆ ಹೋಗಬಹುದು. ಯಾರೂ ತನ್ನನ್ನು ಹೇಡಿ ಎನ್ನುವಂತಿಲ್ಲ, ಡಾಕ್ಟರರೇ ಬೇಡ ಎಂದರು ಎಂದರೆ ಮುಗಿಯಿತು. ಎದ್ದು ಚಪ್ಪಲಿ ಹುಡುಕಿದ. ಬಲಗಾಲಿನದು ಸಿಕ್ಕಿತು, ಎಡಗಾಲಿನದಕ್ಕೆ ನೆಲದ ಮೇಲೆ ಕಾಲಾಡಿಸುತ್ತ ಹೋಗಿ, ಯಾರದೋ ಊಟದ ಡಬ್ಬಿಯೊಳಗೆ ಹೆಬ್ಬೆರಳು ಇಟ್ಟ.

ಸಂಕ್ರಾಂತಿ! ಅಷ್ಟೊತ್ತಿಗೆ ಹೊಸ ಭತ್ತ ಬಂದು, ಗಿರಣಿಯೊಳಗೆ ಅಕ್ಕಿಯಾಗಿ, ಚೀಲ ಹೊಲಿದು ಲಾರಿ ಹತ್ತಿರುತ್ತದೆ. ಕುರ್ಚಿಯ ಮೇಲೆ ಯಾರೋ ಕೂತಿರುತ್ತಾರೆ. ಹೆಬ್ಬೆರಳಿನ ಸಾರು ಒರೆಸಿಕೊಂಡು ಗಡಿಗೆಪ್ಪ ಮತ್ತೆ ಬೆಂಚಿಗೆ ಬಂದ.

"ಸಿಸ್ಟರ್, ಈಗ ಗುಳಿಗಿ ಕೊಡ್ರಿ. ಎರಡು ತಾಸು ಟೈಮ್ ಕೊಡ್ರಿ. ಇಳಸ್ತೀನಿ."

"ಅದೇನು ಅಟ್ಟದ ಮ್ಯಾಲಿನ ಚೀಲೇನ್ರಿ, ಇಳಸಾಕ?" ಎಂದಳು ಮೌನೇಶ್ವರಿ ನಗುತ್ತ. ಆದರೂ ಡಾಕ್ಟರನ್ನು ಕೇಳಿ ಬಂದು ಗುಳಿಗೆ ಕೊಟ್ಟಳು. "ಕಡೀ ನಂಬರ್ ನಿಮ್ಮದು. ಮೂರು ಗಂಟೆಗೆ ನೋಡ್ತೀನಿ. ಮಾತಾಡಬ್ಯಾಡ್ರಿ."

ಕಡೆಯ ಆ ಒಂದು ಮಾತೇ ಅವನಿಗೆ ಆಪರೇಷನ್ನಿಗಿಂತ ದೊಡ್ಡದಾಗಿತ್ತು. ಸುಮ್ಮನೆ ಕೂತರೆ ಸೂಜಿ ನೆನಪಾಗುತ್ತದೆ, ಎದೆ ಡವಡವ ಎನ್ನುತ್ತದೆ. ಬಸವಂತಮ್ಮ ಕೈಚೀಲದಿಂದ ಒಂದು ಸ್ಟೀಲ್ ತಟ್ಟೆಯನ್ನೂ ಅರಿವೆಯ ಗಂಟನ್ನೂ ತೆಗೆದಳು. ಸುಮ್ಮನೆ ಕೂರುವ ಹೆಂಗಸಲ್ಲ ಅವಳು, ಕಾಯುವ ಹೊತ್ತಿನಲ್ಲಿ ಹಸನು ಮಾಡೋಣವೆಂದು ರೇಷನ್ ಅಕ್ಕಿ ಕಟ್ಟಿಕೊಂಡು ಬಂದಿದ್ದಳು. ತಟ್ಟೆಗೆ ಸುರಿದು ಗಂಡನ ತೊಡೆಯ ಮೇಲೆ ಇಟ್ಟಳು.

"ಕಣ್ಣು ಮುಚ್ಚಿ ಹಳ್ಳು ತೆಗೀರಿ, ನೋಡೋಣ."

"ಇದು ಅಕ್ಕೀನಾ? ಯಾವ ಗಿರಣಿಯವ ಇದನ್ನ ಅಕ್ಕಿ ಅಂತ..."

"ಮಾತಾಡಬ್ಯಾಡ ಅಂದಾರ."

ಗಡಿಗೆಪ್ಪ ಕಣ್ಣು ಮುಚ್ಚಿದ. ಬೆರಳುಗಳು ಅಕ್ಕಿಯೊಳಗೆ ಇಳಿದವು. ಒಂದು ಕಲ್ಲಿನ ಹಳ್ಳು ಸಿಕ್ಕಿತು, ಬದಿಗೆ ಹಾಕಿದ. ಒಂದು ನೆಲ್ಲಿನ ಕಾಳು ಸಿಕ್ಕಿತು. ನುಚ್ಚು ಎಷ್ಟು, ಯಾವ ಕಾಳು ಹಳೆಯದು, ಯಾವುದು ಪಾಲಿಶ್ ಹೆಚ್ಚಾಗಿ ಸವೆದದ್ದು ಎಂದು ಬೆರಳುಗಳು ತಾವೇ ಲೆಕ್ಕ ಹಾಕತೊಡಗಿದವು. ಆ ಗಿರಣಿಯವನನ್ನು ಮನಸ್ಸಿನಲ್ಲೇ ಕುರ್ಚಿಯ ಮುಂದೆ ನಿಲ್ಲಿಸಿಕೊಂಡು, ಒಂದು ಶಬ್ದ ಆಚೆ ಬಿಡದೆ, ಚೆನ್ನಾಗಿ ಉಗಿದ. ಎಷ್ಟು ಹೊತ್ತು ಹೋಯಿತೋ ತಿಳಿಯಲಿಲ್ಲ. ಮೌನೇಶ್ವರಿ ಬಂದು ತೋಳಿಗೆ ಪಟ್ಟಿ ಸುತ್ತಿದಾಗಲೂ ಅವನು ತಟ್ಟೆ ಬಿಡಲಿಲ್ಲ.

"ನೂರಾ ನಲವತ್ತೆಂಟು. ಏಳ್ರಿ ಅಜ್ಜಾ."

"ಇನ್ನೂ ಅರ್ಧ ತಟ್ಟಿ ಉಳದದ," ಎಂದ ಗಡಿಗೆಪ್ಪ, ನಿಜವಾದ ಬೇಸರದಿಂದ.

ಒಳಗೆ ಡಾಕ್ಟರ್ ಸಂಘಮಿತ್ರಾ ಇದ್ದರು. ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು, ಬೆಳಿಗ್ಗೆಯಿಂದ ಇಪ್ಪತ್ತೆಂಟು ಕಣ್ಣು ಮುಗಿಸಿ ನಿಂತಿದ್ದರು. ಗಡಿಗೆಪ್ಪನನ್ನು ಮಲಗಿಸಿ ಮುಖಕ್ಕೆ ಹಸಿರು ಬಟ್ಟೆ ಹೊದಿಸಿದರು.

"ಅಮ್ಮಾರ, ಒಂದು ನಿಮಿಷ ತಡೀರಿ. ದೇವರಿಗೊಂದು ಮಾತು ಹೇಳ್ತೀನಿ."

"ಹೇಳ್ರಿ ಯಜಮಾನ್ರ. ನಿಮ್ಮ ದೇವರು ಅವ್ರ ಕೆಲಸ ಮಾಡ್ಲಿ. ನನ್ನ ಕೆಲಸ ನಾ ಮಾಡ್ತೀನಿ. ನಿಮ್ಮ ಪಾಲಿಂದು ಸಣ್ಣದೈತಿ, ಅಲುಗಾಡಬ್ಯಾಡ್ರಿ."

ಯಜಮಾನ್ರು ಎಂದದ್ದು ಅವನಿಗೆ ಬಹಳ ಹಿಡಿಸಿತು. ಅಲುಗಾಡಲಿಲ್ಲ. ಮಧ್ಯದಲ್ಲಿ ಮೂಗು ಕೆರೆಯಿತು, ಅದನ್ನೂ ದೇವರಿಗೆ ಬಿಟ್ಟ. ಸೂಜಿಗೀಜಿ ಏನೂ ಕಾಣಲಿಲ್ಲ. ಬಣ್ಣಬಣ್ಣದ ಬೆಳಕು ನೀರಿನೊಳಗೆ ಆಡಿದಂತಾಯಿತು, ಅಷ್ಟೇ. ಸತ್ತಾರ್ ಸಾಬನಿಗೆ ಮನಸ್ಸಿನಲ್ಲೇ ಒಂದು ಬೈಗುಳ ಕಟ್ಟಿಟ್ಟ.

ಮರುದಿನ ಪಟ್ಟಿ ಬಿಚ್ಚಿದಾಗ ಎದುರಿಗೆ ಬಸವಂತಮ್ಮ.

"ಏನ, ನಿನ್ನ ತಲಿ ಇಷ್ಟು ಬೆಳ್ಳಗ ಯಾವಾಗ ಆತು?"

"ಈ ಮೂರು ಸೋಮವಾರದಾಗ," ಎಂದಳು ಅವಳು.

ದೀಪಾವಳಿ ಮುಗಿಯಿತು. ಹೊಸ ಭತ್ತದ ಮೊದಲ ಟ್ರ್ಯಾಕ್ಟರ್ ಗೇಟಿಗೆ ಬಂದು ನಿಂತಿತು. ಕಪ್ಪು ಕನ್ನಡಕ ಹಾಕಿಕೊಂಡು ಗಡಿಗೆಪ್ಪ ಕುರ್ಚಿಯ ಮೇಲಿದ್ದ. ಪಕ್ಕದ ಸ್ಟೂಲಿನ ಮೇಲೆ ಮಲ್ಲೇಶ ಹೊಸದಾಗಿ ತಂದ, ತೇವ ಅಳೆಯುವ ಮಷಿನ್ ಕೂತಿತ್ತು. ಯಾವುದಕ್ಕೂ ಇರಲಿ ಎಂದಿದ್ದ ಮಲ್ಲೇಶ, ಕಾಕಾನ ಮುಖ ನೋಡದೆ.

ಸತ್ತಾರ್ ಸಾಬ್ ಒಂದು ಹಿಡಿ ಭತ್ತ ಸುರಿದ. ಗಡಿಗೆಪ್ಪ ತಿಕ್ಕಿ, ಊದಿ, ಕನ್ನಡಕ ಹಣೆಗೇರಿಸಿ ಬಿಸಿಲಿಗೆ ಹಿಡಿದ. ಒಂದೊಂದು ಕಾಳಿನ ಮೈಮೇಲಿನ ಗೆರೆ ಕಂಡಿತು. ತುದಿಯ ಬಿಳಿ ಚುಕ್ಕೆ ಕಂಡಿತು. ಅವನು ಎಷ್ಟು ಹೊತ್ತು ನೋಡಿದನೆಂದರೆ ಕೆಮ್ಮು ತಡೆಯಲಾರದೆ ಟ್ರ್ಯಾಕ್ಟರಿನವನು ಹಿಂದೆ ಹೋಗಿ ಕೆಮ್ಮಿ ಬಂದ.

"ಹಸಿ ಅದ. ಎರಡು ದಿನ ಒಣಗಿಸಿ ತರ್ರಿ."

ಮಲ್ಲೇಶ ಮಷಿನ್ನಿಗೆ ಒಂದು ಹಿಡಿ ಹಾಕಿ ನೋಡಿದ. "ಇದೂ ಹಸಿ ಅಂತದ, ಕಾಕಾ."

"ಕಲೀತದ ಬಿಡು," ಎಂದ ಗಡಿಗೆಪ್ಪ. "ಇನ್ನೂ ಹೊಸಾದು."

ಮುಂದಿನ ಸೋಮವಾರ ಗಂಡ ಹೆಂಡತಿ ದೇವದುರ್ಗಕ್ಕೆ ಹೋದರು, ಏನೂ ಕೇಳಲಿಕ್ಕಲ್ಲ, ಒಂದು ಕಾಯಿ ಒಡೆಸಲು. ಗಡಿಗೆಪ್ಪ ಗರ್ಭಗುಡಿಯ ಎದುರು ನಿಂತು ಬಹಳ ವರ್ಷಗಳ ಮೇಲೆ ತನ್ನ ದೇವರನ್ನು ನೆಟ್ಟಗೆ ನೋಡಿದ. ವಿಗ್ರಹಕ್ಕೆ ತೊಡಿಸಿದ ಬೆಳ್ಳಿ ಮುಖವಾಡ, ದೊಡ್ಡ ಕಣ್ಣು, ತಿರುವಿದ ಮೀಸೆ. ಅವನ ಕಣ್ಣು ಕಿರಿದಾಯಿತು, ಭತ್ತ ನೋಡುವಾಗಿನ ಹಾಗೆ.

"ಅಯ್ಯಾರ, ಇದೇನ್ರಿ ಇದು! ಮೀಸಿ ಸಂದ್ಯಾಗ ಮಸಿ ಹಿಡದದ. ಗಲ್ಲದ ಮ್ಯಾಲ ಎಣ್ಣಿ ಜಿಡ್ಡು. ದೇವರನ್ನ ಹಿಂಗ ಇಡೋದಾ?"

ಹಂಪಯ್ಯ ಒಳಗೆ ಹೋದ. ಮುಖವಾಡ ಬಿಚ್ಚಿ ತಂದು ಬಾವಿಕಟ್ಟೆಯ ಮೇಲೆ ಇಟ್ಟ, ಪಕ್ಕದಲ್ಲಿ ಒಂದು ಉಂಡೆ ಹುಣಸೆಹಣ್ಣು, ಒಂದು ಹಿಡಿ ಬೂದಿ.

"ನನಗ ಕಾಣಂಗಿಲ್ಲಪ್ಪ, ವಯಸ್ಸಾತು. ನಿನಗ ಕಾಣ್ತದಲ್ಲ? ಕುಂದ್ರು, ತಿಕ್ಕು."

ಗಡಿಗೆಪ್ಪ ಸುತ್ತ ನೋಡಿದ. ಬಸವಂತಮ್ಮ ಆಗಲೇ ಬಾವಿಗೆ ಹಗ್ಗ ಇಳಿಸಿದ್ದಳು. ಅವನು ಅಂಗಿಯ ತೋಳು ಮಡಚಿಕೊಂಡು, ಪಂಚೆ ಎತ್ತಿ ಕಟ್ಟಿ, ಕಲ್ಲಿನ ಮೇಲೆ ಕೂತ.

"ಕಿವೀ ಹಿಂದ ಬಿಟ್ಟೀರಿ," ಎಂದಳು ಅವಳು, ನೀರು ಸುರಿಯುತ್ತ.

"ಕಾಣ್ತದ ಮಾರಾಯ್ತಿ, ಕಾಣ್ತದ," ಎಂದು ಗಡಿಗೆಪ್ಪ ದೇವರ ಕಿವಿಯನ್ನು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, ಮತ್ತೆ ತಿಕ್ಕತೊಡಗಿದ.